ಓದುವವರು ಯಾರು, ಟೀಚರೇ?

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿನಾಡಿನಲ್ಲಿ ಕನ್ನಡದ ಉಳಿವಿನ ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿಕೊಂಡಿದ್ದೀರಿ. 1956ರ ನವೆಂಬರ್ 1, 1967ರ ಮಹಾಜನ ವರದಿ ಇವೆಲ್ಲವನ್ನೂ ಇಂತಹ ವೇದಿಕೆಗಳಿಂದ ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಇವತ್ತು ಒಬ್ಬ ಹುಡುಗಿಯ ನೋಟ್ ಪುಸ್ತಕಗಳ ವಿಚಾರ ಮಾತ್ರ ಹೇಳುತ್ತೇನೆ. ಅವಳ ಹೆಸರು ಬೇಡ. ನಿಮ್ಮ ಮನೆಯ ಮಗಳೆಂದೇ ತಿಳಿಯಿರಿ.

ಅವಳ ತಾಯಿ ಒಂದನೆಯ ತರಗತಿಯಿಂದ ಮೊದಲ್ಗೊಂಡು ಎಲ್ಲ ಪುಸ್ತಕಗಳನ್ನೂ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದರು. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಆ ಕಟ್ಟನ್ನು ನನ್ನ ಮುಂದೆ ತಂದಿಟ್ಟು, "ಇವಳು ಬರೆಯುವುದನ್ನೇ ಬಿಟ್ಟಿದ್ದಾಳೆ ಟೀಚರೇ, ಯಾಕೆಂದು ನೀವೇ ನೋಡಿ" ಎಂದರು.

ಮನೆಮಾತು ತುಳು. ಎರಡನೆಯ ತರಗತಿಯಲ್ಲಿ ಅವಳು ಬರೆದ ವಾಕ್ಯ: "ನಮ್ಮ ಇಲ್ಲಿಗೆ ಮಾವ ಬಂದರು." ತುಳುವಿನಲ್ಲಿ ಇಲ್ಲ್ ಎಂದರೆ ಮನೆ ಎಂಬುದು ನಿಮಗೆ ಗೊತ್ತೇ ಇದೆ. ಅಂದಿನ ಅಧ್ಯಾಪಕರು ಅದನ್ನು ಹೊಡೆದುಹಾಕಲಿಲ್ಲ. ಮೇಲೆ ಸಣ್ಣದಾಗಿ 'ಮನೆಗೆ' ಎಂದು ಬರೆದು, ಕೆಳಗೆ "ಮಾವ ಏನು ತಂದರು?" ಎಂದು ಕೇಳಿದ್ದಾರೆ. ಮರುದಿನ ಅದರ ಕೆಳಗೆ ಇವಳ ಉತ್ತರ: "ಚಕ್ಕುಲಿ. ನನಗೆ ಎರಡು, ತಮ್ಮನಿಗೆ ಮೂರು." ನನ್ನ ಮಟ್ಟಿಗೆ ಇವಳ ಬರವಣಿಗೆ ಶುರುವಾದದ್ದು ಅಲ್ಲಿ.

ನಾಲ್ಕನೆಯ ತರಗತಿಯಲ್ಲಿ ಮಳೆಗಾಲದ ತೋಡಿನ ಬಗ್ಗೆ ಮೂರು ಪುಟ. ಅಪ್ಪ ಮತ್ತು ನೆರೆಮನೆಯವರು ಅಡಿಕೆ ಮರ ಕಡಿದು ಸಂಕ ಹಾಕಿದ್ದು, ಅದರ ಮೇಲೆ ಕೊಡೆ ಹಿಡಿದು ದಾಟುವಾಗ ಕಾಲು ನಡುಗಿದ್ದು. ಏಳನೆಯ ತರಗತಿಯಲ್ಲಿ ಶಾಲೆಯ ಕೈಬರಹದ ಪತ್ರಿಕೆಗೆ ಬೀಡಿ ಕಟ್ಟುವ ಅಜ್ಜಿಯ ಬಗ್ಗೆ ಲೇಖನ. ಅಜ್ಜಿಯ ಸೀರೆಯ ಹೊಗೆಸೊಪ್ಪಿನ ವಾಸನೆ ಇಲ್ಲದಿದ್ದರೆ ನಿದ್ದೆ ಬಾರದು ಎಂದು ಬರೆದಿದ್ದಾಳೆ.

ಎಂಟನೆಯ ತರಗತಿಯಲ್ಲಿ ಅಕ್ಷರಗಳು ಹಾಗೆಯೇ ಇವೆ, ಇನ್ನೂ ದುಂಡಗಾಗಿವೆ. ಮಾತು ಮಾತ್ರ ನಿಂತಿದೆ. ಒಂದು ಶಬ್ದ, ಎರಡು ಶಬ್ದ, ಮತ್ತೆ ಖಾಲಿ.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ವಿಜ್ಞಾನ ಕಲಿಸಲು ಕನ್ನಡ ವಿಭಾಗಕ್ಕೆ ಬಂದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರನ್ನು ದೂರಲಾರೆ; ಮಕ್ಕಳ ಮೇಲೆ ಅಕ್ಕರೆಯುಳ್ಳವರು. ಆದರೆ ಬಾವಿಯ ನೀರು ಬೇಸಿಗೆಯಲ್ಲಿ ಏಕೆ ಇಳಿಯುತ್ತದೆ ಎಂದು ಇವಳು ಒಂದು ಪುಟ ಬರೆದಿದ್ದಳು. ಆ ಪುಟಕ್ಕೆ ಒಂದು ಗೆರೆ, ಅರ್ಧ ಅಂಕ. ಪಕ್ಕದಲ್ಲಿ ಚಿತ್ರ ಮಾತ್ರ ಬಿಡಿಸಿದ ಉತ್ತರಕ್ಕೆ ಪೂರ್ಣ ಅಂಕ. ಬುದ್ಧಿವಂತ ಮಗು ಏನು ಕಲಿಯುತ್ತದೆ, ಹೇಳಿ. ನಾನು ವಿಚಾರಿಸಿದಾಗ ಅವಳು ಅಂದದ್ದು ಇಷ್ಟೇ: "ಬರೆದರೆ ಓದುವವರು ಯಾರು, ಟೀಚರೇ?"

ದಾಖಲೆಯಲ್ಲಿ ಆ ಹುದ್ದೆ ಭರ್ತಿಯಾಗಿದೆ. ಸಂವಿಧಾನದ 350ಎ ವಿಧಿ 1956ರಲ್ಲೇ ಸೇರಿತು, ನಿಜ. ಆದರೆ ಅದು ಮಾತೃಭಾಷೆಯ ಸೌಕರ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಮಗು ಎಂಟನೆಯ ತರಗತಿಯ ಹೊಸ್ತಿಲು ದಾಟುವಾಗ ಆ ವಿಧಿ ಹೊರಗೇ ಉಳಿಯುತ್ತದೆ. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನಾದರೋ ಇದೇ ಮಗು ಕನ್ನಡದಲ್ಲಿ ಪುಟಗಟ್ಟಲೆ ಬರೆಯಬೇಕು.

ಇಷ್ಟು ಹೇಳಿ ಕುಳಿತುಕೊಂಡರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಟ್ಟಿನಲ್ಲಿ ಎಂಟನೆಯ ತರಗತಿಯ ಕನ್ನಡ ಪುಸ್ತಕವೂ ಇತ್ತು. ಅದನ್ನು ತಿದ್ದಿದವಳು ನಾನೇ. ಅಜ್ಜಿ ತೀರಿಕೊಂಡ ದಿನದ ಬಗ್ಗೆ ಅವಳು ಬರೆದಿದ್ದಳು. 'ಭೀಡಿ' ಎಂದಿದ್ದಲ್ಲಿ ನಾನು ಕೆಂಪು ವೃತ್ತ ಹಾಕಿದ್ದೇನೆ. 'ಪುಸ್ತಕಂ' ಎಂದಿದ್ದಲ್ಲಿ, ಮಲಯಾಳದ ಸೊನ್ನೆ ಬಂದಿದೆಯೆಂದು, ಇನ್ನೊಂದು. ಕೊನೆಗೆ "ಕಾಗುಣಿತ ಗಮನಿಸು" ಎಂದು ಬರೆದು ರುಜು. ನನಗೆ ಕನ್ನಡ ಬರುತ್ತದೆ, ಬಿ.ಎಡ್. ಪದವಿಯೂ ಇದೆ; ಆದರೂ ನಾನು ಅದನ್ನು ಓದಿರಲಿಲ್ಲ. ಆಮೇಲಿನ ಪುಟಗಳಲ್ಲಿ ಅಜ್ಜಿ ಎಲ್ಲೂ ಇಲ್ಲ.

ಈಗ ಎರಡು ಕೆಲಸ ಹಿಡಿದಿದ್ದೇವೆ. ಕನ್ನಡ ವಿಭಾಗಕ್ಕೆ ಕನ್ನಡ ಓದಿ ಬರೆಯಬಲ್ಲ ಅಧ್ಯಾಪಕರೇ ಬೇಕೆಂದು ಇಲಾಖೆಗೆ ಮನವಿ ಸಿದ್ಧವಾಗಿದೆ. ಅದನ್ನು ಕನ್ನಡದಲ್ಲೇ ಬರೆದಿದ್ದೇವೆ. ಸರಕಾರಕ್ಕೆ ಹಾಗೆ ಬರೆಯುವ ಹಕ್ಕನ್ನು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯೇ ಕೊಟ್ಟಿತ್ತು. ದಯವಿಟ್ಟು ಓದಿ ಸಹಿ ಹಾಕಿ, ಓದದೆ ಹಾಕಬೇಡಿ.

ಇನ್ನೊಂದು ಸಣ್ಣದು. ಸಂಜೆ ಬೆಲ್ ಹೊಡೆದ ಮೇಲೆ ಮಕ್ಕಳ ವಿಜ್ಞಾನ, ಸಮಾಜ ಪುಸ್ತಕಗಳನ್ನು ನಾನು ಕನ್ನಡದಲ್ಲಿ ಓದುತ್ತೇನೆ. ಅಂಕ ಕೊಡುವುದಿಲ್ಲ, ಒಂದು ಪ್ರಶ್ನೆ ಕೇಳಿ ಹಿಂದಿರುಗಿಸುತ್ತೇನೆ. ಆ ಹುಡುಗಿ ಮೂರು ವಾರ ಪುಸ್ತಕ ತರಲಿಲ್ಲ. ನಾಲ್ಕನೆಯ ವಾರ ತಂದಳು, ಅರ್ಧ ಪುಟ.

ಮಕ್ಕಳ ಈ ವರ್ಷದ ಕೈಬರಹದ ಪತ್ರಿಕೆ ಅಲ್ಲಿ ಬಾಗಿಲ ಪಕ್ಕದ ಮೇಜಿನ ಮೇಲಿದೆ. ಪ್ರತಿ ಬರಹದ ಕೆಳಗೂ ನಾಲ್ಕು ಗೆರೆಯಷ್ಟು ಜಾಗ ಬಿಟ್ಟಿದ್ದೇವೆ. ಚಹಾ ಕುಡಿದು ಹೋಗುವ ಮುನ್ನ ಯಾವುದಾದರೊಂದನ್ನು ಓದಿ, ಆ ಜಾಗದಲ್ಲಿ ನಿಮಗೆ ತೋಚಿದ್ದನ್ನು ಮಗುವಿಗೆ ಕೇಳಿ. ಪೆನ್ನು ಅಲ್ಲೇ ಇಟ್ಟಿದೆ. ಕೆಂಪು ಶಾಯಿಯದ್ದಲ್ಲ.