ಗೋಡೆಯ ಬಣ್ಣ ಹಿಡಿದಿಟ್ಟ ಗುಟ್ಟು



ಭಿತ್ತಿಚಿತ್ರದೆದುರು ನಿಂತಾಗ ನಾವು ಬಣ್ಣವನ್ನು ಮೆಚ್ಚುತ್ತೇವೆ, ರೇಖೆಯನ್ನು ಕೊಂಡಾಡುತ್ತೇವೆ. ಬಣ್ಣದ ಪುಡಿಯನ್ನು ಶತಮಾನಗಳ ಕಾಲ ಗೋಡೆಗೆ ಹಿಡಿದು ನಿಲ್ಲಿಸಿದ ಅಂಟಿನ ನೆನಪು ಯಾರಿಗೂ ಬರುವುದಿಲ್ಲ. ಆದರೆ ಚಿತ್ರಕಾರನ ವಿದ್ಯೆಯ ಗುಟ್ಟು ಬಹುಮಟ್ಟಿಗೆ ಅಡಗಿರುವುದು ಅದರಲ್ಲಿಯೇ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಕುದಿಸಿ, ಒಣಗಿಸಿ 'ವಜ್ರಲೇಪ'ವೆಂಬ ಅಂಟನ್ನು ಸಿದ್ಧಪಡಿಸುವ ವಿಧಾನವಿದೆ. ಆದರೆ ತಮ್ಮ ವಿದ್ಯೆಯನ್ನು ಬರೆದಿಡದೆ ಹೋದ ಚಿತ್ರಕಾರರ ಅಂಟನ್ನು ಅರಿಯುವ ಬಗೆ ಯಾವುದು? ಇಲ್ಲಿ ನೆರವಿಗೆ ಬರುವುದು ರಸಾಯನ ವಿಜ್ಞಾನ.

ಅಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯ ಎರಡು ಬೃಹತ್ ಬುದ್ಧಮೂರ್ತಿಗಳನ್ನು 2001ರ ಮಾರ್ಚ್‌ನಲ್ಲಿ ತಾಲಿಬಾನರು ಸಿಡಿಸಿ ಕೆಡವಿದರು. ಅದೇ ಬಂಡೆಯ ಗುಹೆಗಳ ಚಿತ್ರಗಳೂ ಬಹಳವಾಗಿ ನಾಶವಾಗಿದ್ದವು. ಅಳಿದುಳಿದ ಚಿತ್ರಗಳಿಂದ ತೆಗೆದ ಕಣಗಳಷ್ಟು ಸಣ್ಣ ತುಣುಕುಗಳನ್ನು ಜಪಾನ್, ಫ್ರಾನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಯಂತ್ರದ ಪ್ರಖರ ಕಿರಣಗಳನ್ನು ಅವುಗಳ ಮೇಲೆ ಹಾಯಿಸಿದರು. ಅವಕೆಂಪು ಕಿರಣಗಳು ಎಣ್ಣೆ, ಅಂಟು, ರಾಳಗಳ ಸುಳಿವನ್ನು ಕೊಟ್ಟರೆ, ಕ್ಷ-ಕಿರಣಗಳು ಬಣ್ಣದಲ್ಲಿನ ಲೋಹಗಳನ್ನು ತೋರಿಸಿಕೊಟ್ಟವು.

2008ರಲ್ಲಿ ಪ್ರಕಟವಾದ ಫಲಿತಾಂಶ ವಿದ್ವಾಂಸರನ್ನು ಬೆರಗುಗೊಳಿಸಿತು. ಪರಿಶೀಲಿಸಿದ 50 ಗುಹೆಗಳ ಪೈಕಿ 12ರಲ್ಲಿ, ಸುಮಾರು 7ನೆಯ ಶತಮಾನದ ಮಧ್ಯಭಾಗದ ಚಿತ್ರಗಳಲ್ಲಿ, ತೈಲವರ್ಣದ ಬಳಕೆ ಕಂಡುಬಂದಿತು. ಆ ಎಣ್ಣೆ ಅಕ್ರೋಟಿನದೋ ಗಸಗಸೆಯದೋ ಇರಬಹುದೆಂಬುದು ಅವರ ಊಹೆ. ಇಂಥ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ; ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ. ಸೀಸದ ಬಿಳಿಯನ್ನು ಬೆರೆಸಿದರೆ ಈ ಕ್ರಿಯೆ ಚುರುಕಾಗುತ್ತದೆ. ಬಾಮಿಯಾನಿನ ಚಿತ್ರಗಳಲ್ಲಿ ಆ ಬಿಳಿಯೂ ಇದೆ.

ತೈಲವರ್ಣದ ಶೋಧಕನೆಂಬ ಕೀರ್ತಿಯನ್ನು ಇಟಲಿಯ ವಸಾರಿ 1550ರ ತನ್ನ ಗ್ರಂಥದಲ್ಲಿ 15ನೆಯ ಶತಮಾನದ ಯಾನ್ ವಾನ್ ಐಕ್‌ಗೆ ಸಲ್ಲಿಸಿದ್ದನು. ಬಾಮಿಯಾನಿನ ಚಿತ್ರಕಾರ ಅವನಿಗಿಂತ ಸುಮಾರು ಎಂಟು ಶತಮಾನಗಳಷ್ಟು ಹಿಂದಿನವನು. ಹಾಗೆಂದು ಪೂರ್ವವು ಪಶ್ಚಿಮವನ್ನು ಗೆದ್ದಿತೆಂದು ಬೀಗುವುದು ಉಚಿತವಲ್ಲ. ಭಾರತ, ಚೀನ, ಇರಾನ್‌ಗಳ ವ್ಯಾಪಾರಮಾರ್ಗಗಳು ಕೂಡುತ್ತಿದ್ದ ಆ ಕಣಿವೆಯಲ್ಲಿ ಸರಕಿನೊಡನೆ ಕೈಚಳಕವೂ ಸಂಚರಿಸಿದ್ದಿರಬೇಕು.

ಈ ಅರಿವು ಕೇವಲ ಕುತೂಹಲಕ್ಕಾಗಿಯೂ ಅಲ್ಲ. ಎಣ್ಣೆ ಕರಗಿಸುವ ದ್ರಾವಣ ಬೇರೆ, ಚರ್ಮದಂಟನ್ನು ಸಡಿಲಿಸುವ ನೀರು ಬೇರೆ. ಬಣ್ಣವನ್ನು ಹಿಡಿದಿರುವುದು ಯಾವುದೆಂದು ತಿಳಿಯದೆ ಹಳೆಯ ಗೋಡೆಯನ್ನು ತೊಳೆಯಹೊರಟರೆ, ಮಸಿಯೊಡನೆ ಬುದ್ಧನ ಮುಖವೂ ಅಳಿಸಿಹೋದೀತು. ಮದ್ದುಗುಂಡಿಗೆ ಸಿಕ್ಕದೆ ಉಳಿದುದನ್ನು ನಮ್ಮ ಅಜ್ಞಾನ ಅಳಿಸದಿರಲಿ.