ಮನೆಯ ವಿಮೆ: ಸಹಿ ಹಾಕುವ ಮೊದಲು



ತಖ್ವಾ ಪಾಲಿಸುವಂತೆ ಮೊದಲು ನನಗೂ ನಂತರ ನಿಮಗೂ ಉಪದೇಶಿಸುತ್ತೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ಒಂದೇ ರಾತ್ರಿಯಲ್ಲಿ ಎಷ್ಟೋ ಜನರ ಜೀವಮಾನದ ದುಡಿಮೆ ಮಣ್ಣುಪಾಲಾಯಿತು. ಮನೆ ಹೋದರೂ ಮನೆಸಾಲ ಹೋಗುವುದಿಲ್ಲ. ಆದ್ದರಿಂದಲೇ ವಿಮೆಯ ಬಗ್ಗೆ ಹಲವರು ಕೇಳುತ್ತಿದ್ದಾರೆ.

ಮುನ್ನೆಚ್ಚರಿಕೆ ತವಕ್ಕುಲ್‌ಗೆ ವಿರುದ್ಧವಲ್ಲ. ಒಂಟೆಯನ್ನು ಕಟ್ಟಬೇಕೋ, ಬಿಟ್ಟು ಭರವಸೆ ಇಡಬೇಕೋ ಎಂದು ಕೇಳಿದವರಿಗೆ, ಮೊದಲು ಕಟ್ಟುವಂತೆ ಪ್ರವಾದಿ(ಸ) ತಿಳಿಸಿದರು. ಯೂಸುಫ್(ಅ) ಬರಗಾಲಕ್ಕೆ ಮೊದಲೇ ಧಾನ್ಯ ಕೂಡಿಡಿಸಿದರು.

ಆದರೆ ವಿಮೆಯ ವಿಧಾನದ ಬಗ್ಗೆ ಉಲಮಾಗಳಲ್ಲಿ ಚರ್ಚೆಯಿದೆ. ಬಡ್ಡಿ ಮತ್ತು ಅನಿಶ್ಚಿತತೆ ಬೆರೆತಿರುವ ವಾಣಿಜ್ಯ ವಿಮೆ ಸಮ್ಮತವಲ್ಲ, ಪರಸ್ಪರ ಸಹಕಾರದ ವಿಮೆ ಸಮ್ಮತ ಎಂದು 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ ನಿರ್ಣಯಿಸಿತು. ಆ ಸಹಕಾರಿ ರೂಪದ ತಕಾಫುಲ್ ಕಂಪನಿ ನಮ್ಮ ದೇಶದಲ್ಲಿಲ್ಲ. ಆದ್ದರಿಂದ ಗಲಭೆ, ವಿಪತ್ತುಗಳ ಭೀತಿಯಿರುವಲ್ಲಿ ಅಗತ್ಯದ ಆಧಾರದಲ್ಲಿ ಅನುಮತಿಸಿದ ವಿದ್ವಾಂಸರಿದ್ದಾರೆ. ಕಟ್ಟಿದ್ದಕ್ಕಿಂತ ಹೆಚ್ಚು ಬಂದುದನ್ನು ಬಡವರಿಗೆ ಕೊಡಬೇಕು ಎಂದವರೂ ಇದ್ದಾರೆ. ನಿಮ್ಮ ಸ್ಥಿತಿಯನ್ನು ತಿಳಿಸಿ, ನೀವು ನಂಬುವ ಮುಫ್ತಿಯವರಲ್ಲಿ ಕೇಳಿ ನಿರ್ಧರಿಸಿ.

ಮಾಡಿಸುವುದೆಂದು ನಿರ್ಧರಿಸಿದವರು ಓದದೆ ಸಹಿ ಹಾಕಬೇಡಿ. ಸಂಪತ್ತು ಅಲ್ಲಾಹನ ಅಮಾನತ್.

ಮೊದಲನೆಯದಾಗಿ, ಮನೆಸಾಲದ ಜೊತೆ ಬರುವ ಪಾಲಿಸಿ ಯಾವುದೆಂದು ನೋಡಿ. ಅನೇಕ ಬಾರಿ ಅದು ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆಯಾಗಿರುತ್ತದೆ. ಗೋಡೆ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರದು.

ಎರಡನೆಯದಾಗಿ, 2021ರ ಏಪ್ರಿಲ್ 1ರಿಂದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಗಲಭೆ ಇದರಲ್ಲಿ ಸೇರಿವೆ. ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ಆದ್ದರಿಂದ ಪ್ರೀಮಿಯಂ ಮತ್ತು ಸೇವೆಯನ್ನು ಹೋಲಿಸುವುದು ಸುಲಭ.

ಮೂರನೆಯದಾಗಿ, ಜಾಗದ ಬೆಲೆಗೆ ವಿಮೆಯಿಲ್ಲ. ಜಾಗ ಸೇರಿ ಮನೆ 60 ಲಕ್ಷ ಬೆಲೆಬಾಳಬಹುದು. ಅದೇ ಮನೆ ಮತ್ತೆ ಕಟ್ಟಲು 20 ಲಕ್ಷ ಸಾಕಾದರೆ ವಿಮಾ ಮೊತ್ತ 20 ಲಕ್ಷವೇ. ಇದರ ಜೊತೆ ಮನೆಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ಈ ಲೆಕ್ಕದಲ್ಲಿ ಅದು 4 ಲಕ್ಷ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು.

ನಾಲ್ಕನೆಯದಾಗಿ, ಏನು ಸೇರಿಲ್ಲ ಎಂಬುದನ್ನು ಓದಿ. ನೆರೆ ಅಥವಾ ಬೆಂಕಿಯಂಥ ಘಟನೆಯ ಬೆನ್ನಲ್ಲೇ, 7 ದಿನದೊಳಗೆ ಕಳವಾದರೆ ಮಾತ್ರ ಪರಿಹಾರ. ಸಾಮಾನ್ಯ ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಚಿನ್ನವನ್ನು ಪ್ರತ್ಯೇಕವಾಗಿ ಸೇರಿಸಬೇಕು. ಹಳತಾಗಿ ಸವೆದದ್ದಕ್ಕೆ ಪರಿಹಾರವಿಲ್ಲ. ಗಲ್ಫ್‌ನಲ್ಲಿದ್ದು ಮನೆಗೆ ಬೀಗ ಹಾಕುವವರು ಖಾಲಿ ಮನೆಯ ಷರತ್ತನ್ನು ಕೇಳಿಕೊಳ್ಳಲಿ.

ಸಹೋದರರೇ, ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ಮನೆಯಲ್ಲೇ ಅಂಗಡಿಯಿದ್ದರೆ ಇದೆ ಎನ್ನಿ. ನಷ್ಟವನ್ನು ಹಿಗ್ಗಿಸಿ ಹೇಳಬೇಡಿ. ‘ಕಂಪನಿಯ ದುಡ್ಡು ತಾನೇ’ ಎನ್ನುತ್ತಾರೆ. ಅದು ನಿಮ್ಮಂತೆಯೇ ಪ್ರೀಮಿಯಂ ಕಟ್ಟಿದ ಸಾವಿರಾರು ಜನರ ದುಡ್ಡು. ನಾಳೆ ಹಶ್ರ್ ಮೈದಾನದಲ್ಲಿ ಅವರಲ್ಲಿ ಯಾರ್‍ಯಾರನ್ನು ಹುಡುಕಿ ಕ್ಷಮೆ ಕೇಳುತ್ತೀರಿ?

ಹಾಗೆಯೇ ನಿಮ್ಮ ಹಕ್ಕನ್ನೂ ಬಿಡಬೇಡಿ. ದಾಖಲೆ, ಮನೆಯ ಫೋಟೊಗಳ ಪ್ರತಿ ಬೇರೆ ಊರಿನ ಬಂಧುವಿನ ಬಳಿಯೂ ಇರಲಿ. ನಷ್ಟವಾದೊಡನೆ ಕಂಪನಿಗೆ ತಿಳಿಸಿ. ದೂರು ಕೊಟ್ಟು 30 ದಿನವಾದರೂ ಕಂಪನಿ ನ್ಯಾಯ ಕೊಡದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. 50 ಲಕ್ಷದವರೆಗಿನ ದೂರನ್ನು ಶುಲ್ಕವಿಲ್ಲದೆ ಕೇಳುತ್ತಾರೆ.

ಕೊನೆಯ ಮಾತು. ನಮ್ಮ ಜಮಾಅತ್‌ನಲ್ಲಿ ಪ್ರೀಮಿಯಂ ಕಟ್ಟಲಾಗದ ಮನೆಗಳೂ ಇವೆ. ಅವರಿಗೆ ಪಾಲಿಸಿ ಇಲ್ಲ, ನೆರೆಹೊರೆ ಮಾತ್ರ ಇದೆ. ಉಳ್ಳವರು ಪಾಲಿಸಿ ಮಾಡಿಸಿದೆವೆಂದು ಆ ಹೊಣೆಯಿಂದ ಬಿಡುಗಡೆಯಾಗುವುದಿಲ್ಲ. ಮಳೆಗಾಲಕ್ಕೆ ಮೊದಲೇ ಅಂಥವರ ಮನೆಯ ಮಾಡು, ಗೋಡೆ ನೋಡಿ ಬನ್ನಿ.

ಅಲ್ಲಾಹನು ನಮ್ಮ ಮನೆಗಳನ್ನೂ ನೆರೆಹೊರೆಯವರ ಮನೆಗಳನ್ನೂ ಕಾಪಾಡಲಿ. ಆಮೀನ್.