ದಾನದ ಪಟ್ಟಿಯೂ ಕೂಲಿಯ ಪಟ್ಟಿಯೂ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ ಸಭೆಯಲ್ಲಿ ಮಾಡಿದ ಭಾಷಣ)

ಎಲ್ಲಿಯಾದರೂ ನೆರೆ ಬಂತು, ಬಿರುಗಾಳಿ ಬೀಸಿತು, ಭೂಮಿ ನಡುಗಿತು ಎಂದರೆ ನಾಲ್ಕು ದಿನದೊಳಗೆ ಗಿರಣಿಯ ಗೇಟಿಗೂ ಪೇಟೆಯ ಬೀದಿಗೂ ರಸೀದಿ ಪುಸ್ತಕ ಬರುತ್ತದೆ. ನಾವು ಕೊಡುತ್ತೇವೆ. ಕೊಡಬೇಕಾದದ್ದೇ. ಮನೆ ಮುಳುಗಿದವನ ಜಾತಿ ಯಾವುದು, ದೇಶ ಯಾವುದು ಎಂದು ಕೇಳದೆ ಕೊಡುವುದು ದುಡಿಯುವ ಜನರ ಗುಣ. ಅದೇ ವಾರ ಪತ್ರಿಕೆಗಳಲ್ಲಿ ಇನ್ನೊಂದು ಚಿತ್ರವೂ ಅಚ್ಚಾಗುತ್ತದೆ. ದೊಡ್ಡ ಕಂಪೆನಿಯ ಯಜಮಾನರು ಮಂತ್ರಿಗಳ ಕೈಗೆ ಚೆಕ್ಕು ಕೊಡುತ್ತಿರುತ್ತಾರೆ. ನಮ್ಮ ಹಣಕ್ಕೆ ರಸೀದಿ. ಅವರ ಹಣಕ್ಕೆ ಚಿತ್ರ, ಹಾರ, ಕೀರ್ತಿ.

ಈ ಎರಡು ಬಗೆಯ ದಾನಗಳ ಲೆಕ್ಕವನ್ನು ಇವತ್ತು ಸ್ವಲ್ಪ ನೋಡೋಣ. ಅದಕ್ಕೆ ಅಮೆರಿಕದ ಉದಾಹರಣೆಯನ್ನೇ ಆರಿಸಿಕೊಂಡಿದ್ದೇವೆ. ಅದು ಜಗತ್ತಿನ ಅತ್ಯಂತ ಸಿರಿವಂತ ದೇಶ. ದಾನ ಧರ್ಮದಲ್ಲಿ ತನ್ನಷ್ಟು ಧಾರಾಳಿ ಇಲ್ಲವೆಂದು ಹೇಳಿಕೊಳ್ಳುವ ದೇಶ. ಅಲ್ಲಿ ದಾನ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದರೆ ನಮ್ಮ ಊರಿನ ಮಾತು ತಾನಾಗಿ ತಿಳಿಯುತ್ತದೆ.

2005ರ ಆಗಸ್ಟ್ 29ರಂದು ಕತ್ರಿನಾ ಎಂಬ ಚಂಡಮಾರುತ ಅಮೆರಿಕದ ಲೂಯಿಸಿಯಾನ ಕರಾವಳಿಗೆ ಅಪ್ಪಳಿಸಿತು. ಅಲ್ಲಿಯ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ನಮ್ಮ ಕೆರೆಗಳಿಗೆ ಏರಿ ಇರುವಂತೆ ಆ ನಗರವನ್ನು ಸುತ್ತಲೂ ಏರಿ ಕಟ್ಟಿ ಕಾಪಾಡಿದ್ದರು. ಆ ಏರಿಗಳು, ಕಾಲುವೆಗಳ ಗೋಡೆಗಳು ಹಲವು ಕಡೆ ಒಡೆದವು. ನಗರದ ನೂರಕ್ಕೆ ಎಂಬತ್ತು ಭಾಗ ನೀರಿನಲ್ಲಿ ಮುಳುಗಿತು. ಸತ್ತವರು 1,800ಕ್ಕೂ ಮೇಲೆ ಎಂದು ಬಹುಕಾಲ ಲೆಕ್ಕವಿತ್ತು. ಅಮೆರಿಕದ ಚಂಡಮಾರುತ ಕೇಂದ್ರ 2023ರಲ್ಲಿ ತಿದ್ದಿದ ಲೆಕ್ಕದಂತೆ 1,392. ನಷ್ಟ 12,500 ಕೋಟಿ ಡಾಲರು.

ಯಾರು ಸತ್ತರು? ಊರು ಬಿಡಿ ಎಂದು ಅಧಿಕಾರಿಗಳು ಮೊದಲೇ ಹೇಳಿದ್ದರು. ಕಾರು ಇದ್ದವರು ಹೊರಟುಹೋದರು. ಕಾರಿಲ್ಲದವರು ಆ ನಗರದಲ್ಲಿ ಸುಮಾರು ಒಂದು ಲಕ್ಷ ಜನ. ಅವರಲ್ಲಿ ಹೆಚ್ಚಿನವರು ಬಡವರು, ಕರಿಯರು, ಮುದುಕರು, ರೋಗಿಗಳು. ಇನ್ನೊಂದು ಮಾತನ್ನು ಸಂಬಳದವರಾದ ನೀವು ಬೇಗ ತಿಳಿಯಬಲ್ಲಿರಿ. ಬಿರುಗಾಳಿ ಬಂದದ್ದು ತಿಂಗಳ 29ನೆಯ ತಾರೀಖು. ಪಿಂಚಣಿಯೂ ಸರಕಾರದ ಸಹಾಯಧನವೂ ಕೈಗೆ ಬರುವುದು ಮುಂದಿನ ತಿಂಗಳ ಮೊದಲಲ್ಲಿ. ತಿಂಗಳ ಕೊನೆಯಲ್ಲಿ ಬಡವನ ಜೇಬಿನಲ್ಲಿ ಬಸ್ಸಿನ ಚಾರ್ಜು ಎಲ್ಲಿರುತ್ತದೆ, ಹೋಟೆಲಿನ ಬಾಡಿಗೆ ಎಲ್ಲಿರುತ್ತದೆ? ಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ನಿಜ. ಆದರೆ ಗಾಳಿಯಿಂದ ಪಾರಾಗುವುದಕ್ಕೆ ಹಣ ಬೇಕಾಗುತ್ತದೆ.

ಆಮೇಲೆ ದಾನದ ಹೊಳೆಯೇ ಹರಿಯಿತು. ಇದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆ ವರ್ಷದ ಮೂರು ದೊಡ್ಡ ಚಂಡಮಾರುತಗಳಿಗಾಗಿ ಅಮೆರಿಕದ ರೆಡ್ ಕ್ರಾಸ್ ಒಂದಕ್ಕೇ ಸುಮಾರು 220 ಕೋಟಿ ಡಾಲರು ಬಂತು. ಎಲ್ಲ ಸಂಸ್ಥೆಗಳಿಗೂ ಬಂದದ್ದು 300 ಕೋಟಿಯನ್ನು ಮೀರಿತು. ಹೊರದೇಶಗಳೂ ಕೈಕೊಟ್ಟವು. ಸುನಾಮಿಯ ಪೆಟ್ಟು ತಿಂದು ಇನ್ನೂ ವರ್ಷ ತುಂಬಿರದ ನಮ್ಮ ದೇಶ ರೆಡ್ ಕ್ರಾಸಿಗೆ 50 ಲಕ್ಷ ಡಾಲರು ಕೊಟ್ಟಿತು. ಕಂಬಳಿ, ಟಾರ್ಪಾಲು ಮುಂತಾದ 25 ಟನ್ ಸಾಮಾನನ್ನು ವಿಮಾನದಲ್ಲಿ ಕಳಿಸಿತು. ಅದೇ ಸುನಾಮಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಶ್ರೀಲಂಕಾ 25 ಸಾವಿರ ಡಾಲರು ಕೊಡಲು ಮುಂದೆ ಬಂತು. ಇದನ್ನೇ ನಮ್ಮ ಜನ ಅಳಿಲು ಸೇವೆ ಎನ್ನುವುದು. ಅಳಿಲು ತಂದ ಮರಳನ್ನು ತಕ್ಕಡಿಗೆ ಹಾಕಿ ತೂಗುವುದಿಲ್ಲ. ಅಳಿಲಿನ ಮೈಯೆಷ್ಟು ಎಂದು ನೋಡಿ ಅಳೆಯುತ್ತಾರೆ.

ಈ ಅಳತೆಯನ್ನೇ ಈಗ ಕಂಪೆನಿಗಳಿಗೂ ಇಟ್ಟು ನೋಡೋಣ.

ಅಮೆರಿಕದ ದೊಡ್ಡ ಅಂಗಡಿ ಕಂಪೆನಿ ವಾಲ್‌ಮಾರ್ಟ್. ಕತ್ರಿನಾ ಕಾಲದಲ್ಲಿ ಅದಕ್ಕೆ ಬಂದಷ್ಟು ಹೊಗಳಿಕೆ ಇನ್ನಾರಿಗೂ ಬರಲಿಲ್ಲ. ಹೊಗಳಿಕೆಯಲ್ಲಿ ನಿಜವೂ ಇತ್ತು. ಸರಕಾರದ ಲಾರಿಗಳು ದಾರಿ ಹುಡುಕುತ್ತಿದ್ದಾಗ ಆ ಕಂಪೆನಿಯ ಲಾರಿಗಳು ನೀರು, ಬಟ್ಟೆ, ಆಹಾರ ಹೊತ್ತು ಊರು ಮುಟ್ಟಿದ್ದವು. ಮಾಡಿದ ಕೆಲಸವನ್ನು ಇಲ್ಲವೆನ್ನುವುದು ನಮ್ಮ ಪದ್ಧತಿಯಲ್ಲ. ಅದು ಕೊಟ್ಟ ನಗದು ಹಣ ಎರಡು ಕೋಟಿ ಡಾಲರಿನ ಆಸುಪಾಸು. ಕೇಳಲು ದೊಡ್ಡ ಮೊತ್ತ. ಆದರೆ 2005ರ ಜನವರಿಗೆ ಮುಗಿದ ವರ್ಷದಲ್ಲಿ ಆ ಕಂಪೆನಿಯ ನಿವ್ವಳ ಲಾಭ 1,000 ಕೋಟಿ ಡಾಲರಿಗೂ ಮೇಲೆ. ಅಂದರೆ ನೂರು ರೂಪಾಯಿ ಲಾಭದಲ್ಲಿ ಇಪ್ಪತ್ತು ಪೈಸೆ ದಾನ.

ಈಗ ನಿಮ್ಮ ಲೆಕ್ಕ ಮಾಡಿ. ವಾರಕ್ಕೊಂದು ರಜೆ ಬಿಟ್ಟು ವರ್ಷಕ್ಕೆ 312 ದಿನ ದುಡಿಯುವ ಕಾರ್ಮಿಕ ಒಂದು ದಿನದ ಕೂಲಿ ಕೊಟ್ಟರೆ ನೂರು ರೂಪಾಯಿಗೆ ಮೂವತ್ತೆರಡು ಪೈಸೆ ಕೊಟ್ಟಂತಾಯಿತು. ಅದೂ ಲಾಭದಲ್ಲಿ ಅಲ್ಲ. ಕಂಪೆನಿ ಎಲ್ಲ ಖರ್ಚು ಕಳೆದು ಉಳಿದದ್ದರಲ್ಲಿ ಕೊಟ್ಟಿತು. ಕಾರ್ಮಿಕ ಕೊಡುವುದು ಅಕ್ಕಿ, ಬಾಡಿಗೆ, ಮಕ್ಕಳ ಶಾಲೆಯ ಫೀಜು ಇವೆಲ್ಲ ಬಾಕಿ ಇರುವಾಗಲೇ. ಯಾರ ದಾನ ದೊಡ್ಡದು, ನೀವೇ ಹೇಳಿ.

ಇಷ್ಟಕ್ಕೇ ಮುಗಿಯಲಿಲ್ಲ. ದಾನ ಕೊಟ್ಟ ಕಂಪೆನಿಗೆ ತೆರಿಗೆಯಲ್ಲಿ ವಿನಾಯಿತಿ ಉಂಟು. ಆಗ ಅಲ್ಲಿ ಕಂಪೆನಿಗಳ ಮೇಲಿನ ತೆರಿಗೆ ನೂರಕ್ಕೆ 35. ನೂರು ಡಾಲರು ದಾನ ಮಾಡಿದ ಕಂಪೆನಿಗೆ 35 ಡಾಲರು ತೆರಿಗೆ ಉಳಿಯಿತು. ಆ 35ನ್ನು ಕೊಟ್ಟವರಾರು? ಸರಕಾರದ ಬೊಕ್ಕಸ, ಎಂದರೆ ಸಮಸ್ತ ಜನ. ಆದರೆ ಚೆಕ್ಕಿನ ಮೇಲೆ ಹೆಸರು ಕಂಪೆನಿಯದು. ಹಾಗೆಯೇ ಎಷ್ಟೋ ದೊಡ್ಡ ಅಂಗಡಿಗಳಲ್ಲಿ ಗಲ್ಲಾದ ಬಳಿ ಡಬ್ಬಿಯಿಟ್ಟು ಗಿರಾಕಿಗಳ ಚಿಲ್ಲರೆಯನ್ನು ಕೂಡಿಹಾಕುವ ಪದ್ಧತಿಯಿದೆ. ಆ ಹಣವೂ ಕೊನೆಗೆ ಅಂಗಡಿಯ ಹೆಸರಿನಲ್ಲೇ ಮೆರವಣಿಗೆ ಹೋಗುತ್ತದೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಕಥೆ!

2005ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದುವರೆಗೆ ವ್ಯಕ್ತಿಗಳು ಆದಾಯದ ಅರ್ಧದವರೆಗೆ, ಕಂಪೆನಿಗಳು ನೂರಕ್ಕೆ ಹತ್ತರವರೆಗೆ ದಾನ ತೋರಿಸಿ ತೆರಿಗೆ ಇಳಿಸಿಕೊಳ್ಳಬಹುದಿತ್ತು. ಆ ವರ್ಷದ ಕೊನೆಯವರೆಗೆ ನಗದು ದಾನಕ್ಕೆ ಈ ಮಿತಿಯನ್ನು ತೆಗೆದುಹಾಕಿದರು. ಕಂಪೆನಿಗಳ ದಾನ ಚಂಡಮಾರುತದ ಪರಿಹಾರಕ್ಕೇ ಹೋಗಬೇಕೆಂದು ಷರತ್ತಿತ್ತು. ಶ್ರೀಮಂತ ವ್ಯಕ್ತಿಗಳಿಗೆ ಆ ಷರತ್ತೂ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಕೊಟ್ಟರೂ ವಸ್ತುಸಂಗ್ರಹಾಲಯಕ್ಕೆ ಕೊಟ್ಟರೂ ಕತ್ರಿನಾ ಕಾನೂನಿನ ವಿನಾಯಿತಿ ಸಿಕ್ಕಿತು. ಮುಳುಗಿದ್ದು ಬಡವನ ಮನೆ, ತೇಲಿದ್ದು ಸಿರಿವಂತನ ತೆರಿಗೆ. ಇನ್ನು ಹತ್ತು ಡಾಲರು ಕೊಟ್ಟ ಸಾಮಾನ್ಯ ಕೂಲಿಗಾರನಿಗೆ? ಅಲ್ಲಿಯ ತೆರಿಗೆದಾರರಲ್ಲಿ ಬಹುಪಾಲು ಜನ ಖರ್ಚಿನ ವಿವರ ಕೊಡದೆ ಎಲ್ಲರಿಗೂ ಸಮನಾದ ಒಂದು ಗೊತ್ತಾದ ಕಡಿತವನ್ನು ಪಡೆಯುವವರು. ಅವರ ದಾನಕ್ಕೆ ತೆರಿಗೆಯಲ್ಲಿ ಒಂದು ಕಾಸೂ ಉಳಿಯಲಿಲ್ಲ. ಆ ಹತ್ತು ಡಾಲರು ಪೂರ್ತಿ ಅವನದೇ.

ಬಂಧುಗಳೆ, ದಾನದ ಪಟ್ಟಿ ನೋಡಿದೆವು. ಈಗ ಕೂಲಿಯ ಪಟ್ಟಿ ನೋಡೋಣ.

ಸರಕಾರದ ಕಾಮಗಾರಿಗಳಲ್ಲಿ ಆ ಪ್ರದೇಶದ ರೂಢಿಯ ಕೂಲಿಗಿಂತ ಕಡಿಮೆ ಕೊಡಬಾರದೆಂಬ ಕಾನೂನು ಅಮೆರಿಕದಲ್ಲಿ 1931ರಿಂದ ಇದೆ. ಡೇವಿಸ್-ಬೇಕನ್ ಕಾನೂನು ಎಂದು ಅದರ ಹೆಸರು. ಕತ್ರಿನಾ ಬೀಸಿದ ಹತ್ತೇ ದಿನಕ್ಕೆ, ಸೆಪ್ಟೆಂಬರ್ 8ರಂದು, ಅಧ್ಯಕ್ಷ ಬುಷ್ ಅವರು ಹಾನಿಗೊಳಗಾದ ಪ್ರದೇಶಗಳಲ್ಲಿ ಆ ಕಾನೂನನ್ನು ಅಮಾನತಿನಲ್ಲಿಟ್ಟರು. ಖರ್ಚು ಉಳಿಯುತ್ತದೆ ಎಂಬುದು ಕಾರಣ. ಯಾರ ಖರ್ಚು? ಮನೆ ಕಳೆದುಕೊಂಡು, ತನ್ನ ಊರನ್ನು ತಾನೇ ಮತ್ತೆ ಕಟ್ಟಲು ಬಂದ ಕೂಲಿಗಾರನ ಹೊಟ್ಟೆಯ ಖರ್ಚು! ಅದೇ ಹೊತ್ತಿಗೆ ನಿರಾಶ್ರಿತರ ವಸತಿಯ ಕೆಲಸವನ್ನು ಬೆಕ್ಟೆಲ್, ಫ್ಲೋರ್ ಮುಂತಾದ ನಾಲ್ಕು ಭಾರಿ ಕಂಪೆನಿಗಳಿಗೆ ಟೆಂಡರೇ ಕರೆಯದೆ ವಹಿಸಿದರು. ಮೊದಲಿಗೆ ಒಂದೊಂದಕ್ಕೂ ಹತ್ತು ಕೋಟಿ ಡಾಲರಿನ ಮಿತಿ. ಆಮೇಲೆ ಅದೂ ಬೆಳೆಯಿತು. ಮಾಡಿಗೆ ಟಾರ್ಪಾಲು ಹೊದಿಸುವ ಕೆಲಸ ದೊಡ್ಡ ಕಂಟ್ರಾಕ್ಟರನಿಂದ ಸಣ್ಣವನಿಗೆ, ಅವನಿಂದ ಇನ್ನೂ ಸಣ್ಣವನಿಗೆ ಇಳಿದು ಬಂತು. ಮೇಲೆ ಸಂದ ದರಕ್ಕೂ ಏಣಿ ಹತ್ತಿದವನ ಕೈಗೆ ಬಿದ್ದ ಕೂಲಿಗೂ ಅಜಗಜಾಂತರ. ಗುತ್ತಿಗೆ ಕೂಲಿಯ ಅನುಭವ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಮಿಕ ಸಂಘಗಳು ಸುಮ್ಮನಿರಲಿಲ್ಲ. ಆಳುವ ಪಕ್ಷದ ಹಲವು ಸದಸ್ಯರೂ ದನಿಗೂಡಿಸಿದರು. ಎರಡೇ ತಿಂಗಳಲ್ಲಿ, ನವೆಂಬರ್ 8ರಿಂದ, ಕೂಲಿಯ ಕಾನೂನು ಮತ್ತೆ ಜಾರಿಗೆ ಬಂತು. ಯಾವ ದಾನಿಯ ಚೆಕ್ಕೂ ಆ ಕೆಲಸ ಮಾಡಲಿಲ್ಲ, ಸಂಘಟನೆ ಮಾಡಿತು. ಇದನ್ನು ಗಂಟುಹಾಕಿ ಇಟ್ಟುಕೊಳ್ಳಿ.

ಹೊಗಳಿಕೆ ಪಡೆದ ಆ ಅಂಗಡಿ ಕಂಪೆನಿಯ ಇನ್ನೊಂದು ಸುದ್ದಿಯೂ ಅದೇ ವರ್ಷದ್ದು. 2005ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದರ ಜ್ಯೂರಿ, ಒಂದು ಲಕ್ಷಕ್ಕೂ ಹೆಚ್ಚು ಕೆಲಸಗಾರರಿಗೆ ಊಟದ ಬಿಡುವು ತಪ್ಪಿಸಿದ್ದಕ್ಕಾಗಿ ವಾಲ್‌ಮಾರ್ಟ್ 17 ಕೋಟಿ 20 ಲಕ್ಷ ಡಾಲರು ಕೊಡಬೇಕೆಂದು ತೀರ್ಮಾನಿಸಿತು. ಕಂಪೆನಿ ಅಪೀಲಿಗೆ ಹೋಯಿತು. ದಾನ ಎರಡು ಕೋಟಿ. ಊಟದ ಹೊತ್ತಿನ ಬಾಬಿನಲ್ಲಿ ಜ್ಯೂರಿ ಹಾಕಿದ ಲೆಕ್ಕ ಹದಿನೇಳು ಕೋಟಿ. ಗೋವು ಕೊಂದು ಕೆರ ದಾನ ಮಾಡಿದರು ಎಂದು ನಮ್ಮ ಹಿರಿಯರು ಇಂಥದಕ್ಕೇ ಹೇಳಿರಬೇಕು.

ಸಣ್ಣ ವ್ಯಾಪಾರಿ ಮಿತ್ರರ ಕಡೆಗೂ ಒಂದು ಮಾತು. ನೀರಿಳಿದ ಮೇಲೆ ಅಂಗಡಿ ತೆರೆಯಲು ದಾನದ ಬಿಸ್ಕತ್ತು ಸಾಲದು, ಸಾಲ ಬೇಕು. ಮನೆಯವರಿಗೂ ಅಂಗಡಿಯವರಿಗೂ ಸಾಲ ಕೊಡಬೇಕಾಗಿದ್ದ ಸರಕಾರದ ಇಲಾಖೆಯಲ್ಲಿ ಡಿಸೆಂಬರಿನ ಹೊತ್ತಿಗೆ ಎರಡು ಲಕ್ಷಕ್ಕೂ ಮೀರಿದ ಅರ್ಜಿಗಳು ಬಾಕಿ ಬಿದ್ದಿದ್ದವು. ಭಾರಿ ಕಂಪೆನಿಗೆ ಟೆಂಡರಿಲ್ಲದೆ ಹತ್ತು ಕೋಟಿ, ಚಿಲ್ಲರೆ ಅಂಗಡಿಯವನಿಗೆ ತಿಂಗಳುಗಟ್ಟಲೆ ‘ನಾಳೆ ಬಾ’.

ಹಾಗಾದರೆ ಊರನ್ನು ಮತ್ತೆ ಕಟ್ಟಿದ್ದು ಯಾರ ಹಣ? ಅಮೆರಿಕದ ಕೇಂದ್ರ ಸರಕಾರ ಆ ವರ್ಷದ ಚಂಡಮಾರುತಗಳಿಗೆ ಒದಗಿಸಿದ ಹಣ 12,000 ಕೋಟಿ ಡಾಲರು. ದಾನ 300 ಕೋಟಿಗೂ ಮೇಲೆ ಎಂದೆವಷ್ಟೆ. ಅದನ್ನು ಇಮ್ಮಡಿ ಮಾಡಿ ಎಣಿಸಿದರೂ ಇಪ್ಪತ್ತಕ್ಕೆ ಒಂದು ಪಾಲು. ಉಳಿದದ್ದೆಲ್ಲ ತೆರಿಗೆಯ ಹಣ. ಜಗತ್ತಿನ ಅತಿ ದೊಡ್ಡ ದಾನವೂ ಹಸಿವಿಗೆ ಎರಡು ದಿನ ಅನ್ನ, ಮೈಗೆ ಕಂಬಳಿ ಕೊಡಬಲ್ಲದು. ಅದು ದೊಡ್ಡದೇ. ಆದರೆ ಏರಿ ಕಟ್ಟುವುದು, ರಸ್ತೆ ಹಾಕುವುದು, ಆಸ್ಪತ್ರೆ ನಡೆಸುವುದು ದಾನದ ಅಳವಲ್ಲ.

ಏರಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ನ್ಯೂ ಆರ್ಲಿಯನ್ಸನ್ನು ಕಾಯುವ ಏರಿಗಳ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1965ರಲ್ಲಿ. ನಲವತ್ತು ವರ್ಷವಾದರೂ ಅದು ಮುಗಿದಿರಲಿಲ್ಲ. ಕೊಡುವ ಹಣ ಸಾಲದೆಂದು ಎಂಜಿನಿಯರರೇ ಹೇಳುತ್ತಿದ್ದರು. ಕಟ್ಟಿದ್ದರಲ್ಲೂ ವಿನ್ಯಾಸದ ತಪ್ಪುಗಳಿದ್ದವೆಂದು, ಅದು ಹೆಸರಿಗೆ ಮಾತ್ರ ವ್ಯವಸ್ಥೆಯೆಂದು 2006ರಲ್ಲಿ ಸೈನ್ಯದ ಎಂಜಿನಿಯರಿಂಗ್ ಇಲಾಖೆಯ ವರದಿಯೇ ಒಪ್ಪಿಕೊಂಡಿತು. ಆಮೇಲೆ 1,400 ಕೋಟಿ ಡಾಲರಿಗೂ ಹೆಚ್ಚು ಸುರಿದು ಹೊಸ ರಕ್ಷಣೆ ಕಟ್ಟಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಏರಿ ಒಡೆದ ಮೇಲೆ ಕೊಡುವ ಹಣಕ್ಕೆ ದಾನ ಎಂದು ಹೆಸರು. ಒಡೆಯದ ಹಾಗೆ ನೋಡಿಕೊಳ್ಳುವ ಹಣಕ್ಕೆ ತೆರಿಗೆ ಎಂದು ಹೆಸರು. ಮೊದಲನೆಯದನ್ನು ಕೊಡುವಾಗ ನಗುವ ಬಲ್ಲಿದರು ಎರಡನೆಯದನ್ನು ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ನಮ್ಮ ದೇಶದಲ್ಲಿಯೂ ಇದೇ ಪ್ರಶ್ನೆಗಳಿವೆ. 2013ರ ಕಂಪೆನಿ ಕಾನೂನಿನ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜದ ಕೆಲಸಕ್ಕೆ ಕೊಡಲೇಬೇಕು. ಕಾನೂನು ಕೊಡಿಸಿದ್ದನ್ನು ಔದಾರ್ಯವೆಂದು ಜಾಹೀರಾತು ಹಾಕಿದರೆ ನಂಬಬೇಡಿ. ಇನ್ನು ನಮ್ಮ ಸಂಬಳದ ಮಾತು. 2018ರ ಕೇರಳದ ನೆರೆಯಲ್ಲಿ ಅಲ್ಲಿಯ ಸರಕಾರ ನೌಕರರಿಂದ ಒಂದು ತಿಂಗಳ ಸಂಬಳ ಕೇಳಿತು. ಕೊಡಲಾಗದವರು ಹಾಗೆಂದು ಬರೆದುಕೊಡಬೇಕು ಎಂದಿತು. ಬರೆದುಕೊಡಬೇಕೆಂಬ ಆ ಷರತ್ತನ್ನು ಹೈಕೋರ್ಟು ತಡೆಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆಯಲು ಒಪ್ಪಲಿಲ್ಲ. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಮುಜುಗರಪಡಿಸಿ ಪಡೆದದ್ದು ದಾನವಾಗುವುದಿಲ್ಲ, ಅದು ಕಂದಾಯವಾಗುತ್ತದೆ.

ಆದುದರಿಂದ ಮುಂದಿನ ಸಲ ರಸೀದಿ ಪುಸ್ತಕ ಬಂದಾಗ ನಾವು ಹೀಗೆ ನಡೆದುಕೊಳ್ಳೋಣ. ಕೊಡೋಣ, ಕೈಬಿಚ್ಚಿ ಕೊಡೋಣ. ಆದರೆ ಪಗಾರದಲ್ಲಿ ಹಣ ಹಿಡಿಯುವ ಮೊದಲು ನಮ್ಮ ಒಪ್ಪಿಗೆ ಕೇಳಲಿ. ಕಾರ್ಮಿಕರು ಕೊಟ್ಟದ್ದು ಎಷ್ಟು, ಗಿರಾಕಿಗಳು ಕೊಟ್ಟದ್ದು ಎಷ್ಟು, ಯಜಮಾನರು ಕೊಟ್ಟದ್ದು ಎಷ್ಟು ಎಂದು ಮೂರು ಕಂಬ ಎಳೆದು ನೋಟೀಸು ಹಲಗೆಯ ಮೇಲೆ ಬರೆಯಲಿ. ಹಣ ಎಲ್ಲಿಗೆ ಹೋಯಿತು, ಯಾರಿಗೆ ಮುಟ್ಟಿತು ಎಂಬ ಲೆಕ್ಕ ಮೂರು ತಿಂಗಳಲ್ಲಿ ಅದೇ ಹಲಗೆಗೆ ಬರಲಿ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ಅಮೆರಿಕದ ರೆಡ್ ಕ್ರಾಸಿನಂಥ ಹಳೆಯ ಸಂಸ್ಥೆಯನ್ನೂ ಕತ್ರಿನಾ ಆದಮೇಲೆ ಜನ ಪ್ರಶ್ನಿಸಿದರು. 2007ರಲ್ಲಿ ಅದರ ಆಡಳಿತ ಮಂಡಲಿಯನ್ನು ಕಾನೂನಿನ ಮೂಲಕವೇ ತಿದ್ದಬೇಕಾಯಿತು.

ಕೊನೆಯದಾಗಿ, ದಾನ ಕೊಟ್ಟೆವು ಎಂದು ಹೇಳುವ ಯಜಮಾನರನ್ನು ವಿನಯದಿಂದಲೇ ಕೇಳೋಣ: ಸ್ವಾಮಿ, ಸಂತೋಷ, ನಿಮ್ಮಲ್ಲಿ ದುಡಿಯುವವರ ಕೂಲಿ ಸರಿಯಾಗಿದೆಯೆ, ತೆರಿಗೆ ಪೂರ್ತಿ ಸಂದಿದೆಯೆ? ಸರಕಾರವನ್ನೂ ಕೇಳೋಣ: ನಮ್ಮ ಊರಿನ ಕೆರೆಯ ಏರಿ ಗಟ್ಟಿಯಾಗಿದೆಯೆ, ರಾಜಕಾಲುವೆಯ ಹೂಳು ತೆಗೆದಿದೆಯೆ? ಈ ಪ್ರಶ್ನೆಗಳನ್ನು ಮಳೆಗಾಲಕ್ಕೆ ಮುಂಚೆ ಕೇಳಬೇಕು. ನೀರು ಮನೆಯೊಳಗೆ ಬಂದ ಮೇಲೆ ಕೇಳುವುದಕ್ಕೆ ಉಳಿಯುವುದು ಕಂಬಳಿಯೊಂದೇ.